ಒಂದು ಅಗುಳು, ಮೂರು ಹಾರ್ಡ್ ಡಿಸ್ಕ್

ಅಕ್ಕನ ಮಗ ಈ ವರ್ಷ ಎಂಜಿನಿಯರಿಂಗ್ ಸೇರಿದ. ಕಳೆದ ತಿಂಗಳು ಸಾಗರದಿಂದ ಫೋನ್ ಮಾಡಿ, "ಮಾವ, ಒಂದು ಹಾರ್ಡ್ ಡಿಸ್ಕ್ ತಗೋಬೇಕು. ಯಾವ ಕಂಪನಿದು ಒಳ್ಳೇದು?" ಎಂದು ಕೇಳಿದ. ಹತ್ತು ವರ್ಷದ ಹಿಂದಾಗಿದ್ದರೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟಿರುತ್ತಿದ್ದೆ. ಯಾವುದು ಒಳ್ಳೆಯದು ಎನ್ನುವುದಕ್ಕಿಂತ ಯಾವುದನ್ನು ಮುಟ್ಟಲೇಬಾರದು ಎನ್ನುವುದು ಆಗ ನನಗೆ ಖಚಿತವಾಗಿ ಗೊತ್ತಿತ್ತು. ಈಗ, "ಇರು, ನೋಡಿ ಹೇಳ್ತೀನಿ" ಅಂದೆ. ಹುಡುಗನಿಗೆ ಆಶ್ಚರ್ಯವಾಗಿರಬೇಕು. ಕಂಪ್ಯೂಟರಿನ ವಿಷಯದಲ್ಲಿ ಮಾವ ತಡವರಿಸಿದ್ದನ್ನು ಅವನು ಕಂಡವನಲ್ಲ.

ಸಾರಕ್ಕಿಯ ನಮ್ಮ ಮನೆಯ ಮೇಜಿನ ಕೊನೆಯ ಡ್ರಾಯರಿನಲ್ಲಿ ಮೂರು ಸತ್ತ ಹಾರ್ಡ್ ಡಿಸ್ಕ್‌ಗಳಿವೆ. ಮೂರೂ ಬೇರೆ ಬೇರೆ ಕಂಪನಿಯವು. ಬಿಸಾಡಲು ಮನಸ್ಸಾಗದೆ, ಉಪಯೋಗಕ್ಕೂ ಬಾರದೆ, ಹಳೆಯ ಚಾರ್ಜರುಗಳ ಜೊತೆ ಬಿದ್ದಿವೆ. ಆ ಕಂಪನಿಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಬರೆಯುವ ಹಕ್ಕು ನನಗಿದೆಯೇ ಎಂಬ ಅನುಮಾನ ಹತ್ತು ವರ್ಷದಿಂದ ಬಿಟ್ಟಿಲ್ಲ.

ಮೊದಲನೆಯದು 40 ಜಿಬಿಯದ್ದು. 2004ರಲ್ಲಿ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ತಿರುಗಿ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರಿನೊಳಗೆ ಅದು ಬಂತು. ಮೂರು ವರ್ಷವಾದ ಮೇಲೆ ಒಂದು ರಾತ್ರಿ ಗಡಿಯಾರದ ಹಾಗೆ ಟಕ್ ಟಕ್ ಎನ್ನಲು ಶುರುಮಾಡಿ ಬೆಳಗಿನ ಹೊತ್ತಿಗೆ ಸುಮ್ಮನಾಯಿತು. ಹೋದದ್ದು ಒಂದಷ್ಟು ಸಿನಿಮಾ ಹಾಡು ಮತ್ತು ನಾನು ಅರ್ಧ ಬರೆದ ಕಥೆಗಳು. ಕಥೆಗಳು ಹೋದದ್ದರಿಂದ ಕನ್ನಡಕ್ಕೇನೂ ನಷ್ಟವಾಗಲಿಲ್ಲ. ಆದರೂ ಆ ಕಂಪನಿಯ ಮೇಲೆ ಹಗೆ ಸಾಧಿಸಿದೆ. ಆಫೀಸಿನಲ್ಲಿ ಯಾರು ಕೇಳಿದರೂ, ಕೇಳದಿದ್ದರೂ, "ಅದೊಂದು ಬೇಡ ಕಣ್ರೀ, ನನ್ನ ಅನುಭವ ಹೇಳ್ತಿದೀನಿ" ಎನ್ನುತ್ತಿದ್ದೆ. ಇಪ್ಪತ್ತು ಜನರನ್ನಾದರೂ ಆ ಕಂಪನಿಯಿಂದ ತಪ್ಪಿಸಿರಬಹುದು. 'ನನ್ನ ಅನುಭವ' ಎಂಬ ಮಾತಿಗೆ ಯಾರೂ ಎದುರಾಡುವುದಿಲ್ಲ, ಗಮನಿಸಿದ್ದೀರಾ? ಪುಸ್ತಕದಲ್ಲಿ ಓದಿದೆ ಎಂದರೆ ವಾದಕ್ಕೆ ಬರುತ್ತಾರೆ. ನನಗೇ ಹೀಗಾಯಿತು ಎಂದರೆ ತಲೆಯಾಡಿಸುತ್ತಾರೆ.

ಎರಡನೆಯದರ ಕಥೆ ಹಾಗಲ್ಲ.

2011ರ ದೀಪಾವಳಿಯ ಹೊತ್ತಿಗೆ ಅಮ್ಮ ಮಂಡಿನೋವು ತೋರಿಸಿಕೊಳ್ಳಲು ಊರಿನಿಂದ ಬಂದು ಒಂದು ತಿಂಗಳು ನಮ್ಮಲ್ಲಿದ್ದಳು. ಅವಳಿಗೆ ಮದುವೆಮನೆಯ ಹಾಡುಗಳು ರಾಶಿ ಬರುತ್ತಿದ್ದವು. ಹಸೆಗೆ ಕರೆಯುವ ಹಾಡು, ಎಣ್ಣೆ ಹಚ್ಚುವಾಗಿನ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು. ಮೊದಲೆಲ್ಲ ನಾಚಿಕೊಂಡಳು. ಆಮೇಲೆ ಮಧ್ಯಾಹ್ನದ ಊಟ ಆಗುತ್ತಲೇ ತಾನೇ ಬಂದು ಕೂರುವಳು. ನಾಲ್ಕು ದಿನದಲ್ಲಿ ನಲವತ್ತಮೂರು ಹಾಡು ರೆಕಾರ್ಡ್ ಮಾಡಿದೆ. ನಡುನಡುವೆ ಅವಳ ಕೆಮ್ಮು, ಕುಕ್ಕರಿನ ಸೀಟಿ, ರಸ್ತೆಯಲ್ಲಿ ಸೊಪ್ಪು ಮಾರುವವನ ಕೂಗು, "ಇದರ ಮುಂದಿನ ಸಾಲು ಎಂತದು..." ಎಂದು ಅವಳು ನೆನಪು ಮಾಡಿಕೊಳ್ಳುವ ಮೌನ. ಎಲ್ಲವನ್ನೂ ಹೊಸದಾಗಿ ಕೊಂಡಿದ್ದ 500 ಜಿಬಿ ಡಿಸ್ಕಿಗೆ ಹಾಕಿ ಬೀರುವಿನಲ್ಲಿಟ್ಟೆ. ಸಾರಕ್ಕಿ ಸಿಗ್ನಲ್ ಹತ್ತಿರದ ಒಂದು ಸಣ್ಣ ಅಂಗಡಿಯಲ್ಲಿ ಕೊಂಡದ್ದು. ಹಳೆಯ ಕಂಪನಿ ಬೇಡವೇ ಬೇಡ ಎಂದಾಗ ಅಂಗಡಿಯ ಹುಡುಗ, "ಹಂಗಾದ್ರೆ ಇದು ತಗೊಳ್ಳಿ ಸಾರ್, ಕಂಪ್ಲೇಂಟೇ ಇಲ್ಲ" ಎಂದು ಇನ್ನೊಂದನ್ನು ಕೊಟ್ಟಿದ್ದ.

2014ರಲ್ಲಿ ಅಮ್ಮ ಹೋದಳು. ಅವಳ ಧ್ವನಿ ಕೇಳುವ ಧೈರ್ಯ ಬರಲು ನನಗೆ ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು. 2015ರ ಏಪ್ರಿಲ್‌ನಲ್ಲಿ ಡಿಸ್ಕನ್ನು ಬೀರುವಿನಿಂದ ತೆಗೆದು ಕಂಪ್ಯೂಟರಿಗೆ ಚುಚ್ಚಿದೆ. ಸಾರಕ್ಕಿ ಕೆರೆಯ ಸುತ್ತಲಿನ ಒತ್ತುವರಿ ತೆರವು ಮಾಡುತ್ತಿದ್ದ ದಿನಗಳು ಅವು. ಜೆಸಿಬಿಗಳು ಕಟ್ಟಡ ಒಡೆಯುತ್ತಿದ್ದವು, ಬೀದಿ ತುಂಬ ಪೊಲೀಸರು, ಟಿವಿಯವರು. ನನ್ನ ಡಿಸ್ಕು ಒಮ್ಮೆ ಗುಂಯ್ ಎಂದು ತಿರುಗಿತು, ನಿಂತಿತು, ಮತ್ತೆ ತಿರುಗಲಿಲ್ಲ. ಜೆಸಿಬಿಯ ಅದುರಿಗೇ ಹೀಗಾಯಿತೆಂದು ಹೆಂಡತಿ ಇವತ್ತಿಗೂ ನಂಬಿದ್ದಾಳೆ. ಕಾಗೆ ಬಂದು ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಕಾಕತಾಳೀಯ, ಅದು ಇದೇ. ಅವಳನ್ನು ನೋಡಿ ನಕ್ಕೆ. ಆದರೆ ಆವತ್ತು ಸಂಜೆ ನಾನು ಮಾಡಿದ್ದು ಅದಕ್ಕಿಂತ ಬುದ್ಧಿವಂತಿಕೆಯದ್ದೇನಲ್ಲ. ನೆಟ್ಟಗೆ ಅಂಗಡಿಗೆ ಹೋಗಿ, ಗಿರಾಕಿಗಳೆಲ್ಲ ನಿಂತಿರುವಾಗಲೇ ಆ ಹುಡುಗನ ಮೇಲೆ ಕೂಗಾಡಿದೆ. "ನಿನ್ನ ಮಾತು ನಂಬಿ ನಮ್ಮಮ್ಮನ್ನ ಕಳ್ಕೊಂಡೆ ಕಣೋ" ಎಂದೂ ಅಂದೆ. ಎಂಥ ಮಾತು! ಅಮ್ಮನನ್ನು ಕಳೆದುಕೊಂಡದ್ದಕ್ಕೂ ಅವನಿಗೂ ಏನು ಸಂಬಂಧ?

ಹುಡುಗ ತಿರುಗಿ ಬೈಯಲಿಲ್ಲ. ಡಿಸ್ಕನ್ನು ಕೈಯಲ್ಲಿ ಹಿಡಿದು ನೋಡಿ, "ಸಾರ್, ಈ ಮಾಡೆಲ್ ನಾನೇ ಇನ್ನೂರರ ಮೇಲೆ ಮಾರಿದೀನಿ. ವಾಪಸ್ ಬಂದಿದ್ದು ಐದೋ ಆರೋ. ನಿಮ್ದು ಅದ್ರಲ್ಲಿ ಒಂದಾಯ್ತು. ನಾನೇನ್ ಮಾಡ್ಲಿ ಹೇಳಿ" ಎಂದ. ಆಗ ಆ ಮಾತು ಜಾರಿಕೊಳ್ಳುವ ಉತ್ತರದಂತೆ ಕೇಳಿತ್ತು. ಈಗ ನೋಡಿದರೆ ಆವತ್ತು ಆ ಅಂಗಡಿಯಲ್ಲಿ ಲೆಕ್ಕದ ಮಾತಾಡಿದವನು ಅವನೊಬ್ಬನೇ.

ಸತ್ತ ಡಿಸ್ಕಿನಿಂದ ಮಾಹಿತಿ ತೆಗೆದುಕೊಡುವವರೊಬ್ಬರ ಬಳಿಗೂ ಹೋಗಿದ್ದೆ. ಅವರು ಬಿಚ್ಚಿ ತೋರಿಸಿದರು. ಕನ್ನಡಿಯಂಥ ತಟ್ಟೆ, ಅದರ ಮೇಲೆ ಗ್ರಾಮಫೋನಿನ ಮುಳ್ಳಿನ ಹಾಗೆ ಚಾಚಿಕೊಂಡ ಸಣ್ಣ ಕೈ. ತಟ್ಟೆ ನಿಮಿಷಕ್ಕೆ 5,400 ಸಲವೋ 7,200 ಸಲವೋ ತಿರುಗುತ್ತದೆ. ಕೈಯ ತುದಿ ಅದನ್ನು ಮುಟ್ಟುವುದಿಲ್ಲ, ಕೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆ ಎತ್ತರದಲ್ಲಿ ತೇಲುತ್ತದೆ. ಮುಟ್ಟಿತೋ, ಗೀರು ಬಿದ್ದಲ್ಲಿ ಬರೆದದ್ದೆಲ್ಲ ಪುಡಿ. ನನ್ನದರಲ್ಲಿ ಗೀರು ಬರಿಗಣ್ಣಿಗೇ ಕಾಣುತ್ತಿತ್ತು, ಬಳೆಯ ಹಾಗೆ ದುಂಡಗೆ. ಏನೂ ಬರುವುದಿಲ್ಲ ಎಂದರು. ಹೊರಡುವಾಗ, ಯಾವ ಕಂಪನಿಯದ್ದು ಹೆಚ್ಚು ಕೆಡುತ್ತದೆ ಎಂದು ಕೇಳಿದೆ. ಅವರು ಮೂರನೆಯ ಒಂದು ಹೆಸರು ಹೇಳಿದರು. "ನನ್ ಹತ್ರ ಅದೇ ಜಾಸ್ತಿ ಬರೋದು." ಅದನ್ನೂ ನಂಬಿದೆ. ಆ ವರ್ಷ ಅಂಗಡಿಗಳಲ್ಲಿ ಅದೇ ಹೆಚ್ಚು ಮಾರಾಟವಾಗುತ್ತಿತ್ತು, ಹಾಗಾಗಿ ಅದೇ ಹೆಚ್ಚು ಬರುತ್ತಿರಬಹುದು ಎಂಬುದು ಆಗ ಹೊಳೆಯಲಿಲ್ಲ. ಅವರ ಮೇಜಿಗೆ ಬರುವುದು ಸತ್ತವು ಮಾತ್ರ. ಬದುಕಿರುವ ಡಿಸ್ಕನ್ನು ಯಾರಾದರೂ ಹೋಗಿ ತೋರಿಸುತ್ತಾರೆಯೇ?

ಸಿಟ್ಟು ಇಳಿದ ಮೇಲೆ ಓದಲು ಕುಳಿತೆ. ಹಾರ್ಡ್ ಡಿಸ್ಕಿನ ಡಬ್ಬಿಯ ಜೊತೆ ಬರುವ ವಿವರದಲ್ಲಿ ಹತ್ತು ಲಕ್ಷ ಗಂಟೆ ಎಂಬಂಥ ಅಂಕಿ ಇರುತ್ತಿತ್ತು. ಹತ್ತು ಲಕ್ಷ ಗಂಟೆ ಎಂದರೆ 114 ವರ್ಷ. ಓದಿದವನು ತನ್ನ ಡಿಸ್ಕು ಮೊಮ್ಮಗನ ಕಾಲಕ್ಕೂ ಬಂದೀತು ಎಂದುಕೊಳ್ಳುತ್ತಾನೆ. ಅದರ ಅರ್ಥ ಹಾಗಲ್ಲ. 114 ಡಿಸ್ಕುಗಳನ್ನು ಒಟ್ಟಿಗೆ ಓಡಿಸಿದರೆ ವರ್ಷಕ್ಕೆ ಒಂದು ಸಾಯಬಹುದು ಎಂದು ಅದರ ಅರ್ಥ. ಅದು ಕೂಡ ಕಂಪನಿಯ ಲೆಕ್ಕ. 2007ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ದೊಡ್ಡ ದೊಡ್ಡ ಕಂಪ್ಯೂಟರ್ ಕೇಂದ್ರಗಳ ದಾಖಲೆ ತೆಗೆದು ನೋಡಿದಾಗ, ವರ್ಷಕ್ಕೆ ಬದಲಾಯಿಸಬೇಕಾದ ಡಿಸ್ಕುಗಳು ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ನಾಲ್ಕು, ಕೆಲವು ಕಡೆ ಹದಿಮೂರರ ತನಕ ಎಂದು ಕಂಡಿತು. ಅದೇ ವರ್ಷ, ಅದೇ ಸಮ್ಮೇಳನದಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಕಥೆ ಹೇಳಿದರು. ಡಿಸ್ಕು ತನ್ನ ಆರೋಗ್ಯವನ್ನು ತಾನೇ ಗಮನಿಸಿಕೊಂಡು ಸೂಚನೆ ಕೊಡುವ ವ್ಯವಸ್ಥೆಯೊಂದಿದೆ. ಆದರೆ ಕೆಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆಯೇ ಸತ್ತಿದ್ದವು. ನಿನ್ನೆ ಚೆನ್ನಾಗಿಯೇ ಇದ್ದರಲ್ಲ ಎನ್ನುತ್ತೇವಲ್ಲ, ಹಾಗೆ.

ಗೂಗಲ್‌ನವರಿಗೆ ಕಂಪನಿವಾರು ಲೆಕ್ಕವೂ ಗೊತ್ತಿತ್ತು. ಕೆಡುವುದಕ್ಕೂ ತಯಾರಕರು, ಮಾಡೆಲ್ ಇವಕ್ಕೂ ಸಂಬಂಧವಿದೆ ಎಂದು ಹೇಳಿ, ವ್ಯಾಪಾರದ ಗುಟ್ಟೆಂದು ಹೆಸರು ಹೇಳದೆ ಬಿಟ್ಟರು. ಓದಿದಾಗ ಮೈ ಉರಿಯಿತು. ಒಂದು ಡಿಸ್ಕು ಕಳೆದುಕೊಂಡ ನಾನು ಊರಿಗೆಲ್ಲ ಹೆಸರು ಹೇಳಿಕೊಂಡು ತಿರುಗುತ್ತಿದ್ದೇನೆ, ಲಕ್ಷ ಡಿಸ್ಕು ನೋಡಿದವರು ಬಾಯಿ ಮುಚ್ಚಿಕೊಂಡಿದ್ದಾರೆ! ಗೊತ್ತಿಲ್ಲದವನು ಮಾತಾಡುವುದು ತಪ್ಪೋ, ಗೊತ್ತಿದ್ದವನು ಸುಮ್ಮನಿರುವುದು ತಪ್ಪೋ? ಈಗಲೂ ಕೇಳಿದರೆ ಎರಡನೆಯದೇ ದೊಡ್ಡ ತಪ್ಪು ಎನ್ನುತ್ತೇನೆ. ಅವರು ಸುಮ್ಮನಿದ್ದ ಜಾಗವನ್ನೇ ನನ್ನಂಥವರ 'ಅನುಭವ' ತುಂಬಿಕೊಂಡದ್ದು.

ಕೊನೆಗೆ ಹೆಸರು ಹೇಳಿದವರು ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿಯವರು. ಜನರ ಕಡತಗಳನ್ನು ಕಾಪಿಡುವುದು ಅವರ ಕಸುಬು. ಯಾವ ಕಂಪನಿಯ ಯಾವ ಮಾಡೆಲ್ ಎಷ್ಟು ಓಡಿತು, ಎಷ್ಟು ಸತ್ತಿತು ಎಂದು 2014ರಿಂದ ಹೆಸರು ಹಿಡಿದೇ ಪ್ರಕಟಿಸುತ್ತಿದ್ದಾರೆ. ಅದನ್ನು ನೋಡುವಾಗ ನನ್ನ ಕಂಪನಿದ್ವೇಷಕ್ಕೆ ಪುರಾವೆ ಸಿಗಬಹುದು ಎಂಬ ಆಸೆಯಿತ್ತು. ಸಿಕ್ಕಿದ್ದು ಬೇರೆ. ಸೀಗೇಟ್‌ನ 3 ಟಿಬಿಯ ಒಂದು ಮಾಡೆಲ್ ಅವರಲ್ಲಿ ವಿಪರೀತವಾಗಿ ಕೆಟ್ಟಿತು. 2016ರಲ್ಲಿ ಅದರ ವಿಷಯವಾಗಿ ಮೊಕದ್ದಮೆಯೂ ಹೂಡಲಾಯಿತು. ಆದರೆ ಅದೇ ಸೀಗೇಟ್‌ನ 4 ಟಿಬಿ ಮಾಡೆಲ್ ಅದೇ ಕಪಾಟುಗಳಲ್ಲಿ ವರ್ಷಗಟ್ಟಲೆ ಮರ್ಯಾದೆಯಾಗಿ ಓಡಿತು. ಒಂದೇ ತಾಯಿಯ ಮಕ್ಕಳು.

ಇನ್ನೂ ಸೋಜಿಗದ್ದು ಐಬಿಎಂ ಕಥೆ. 2000ದಲ್ಲಿ ಅವರ ಡೆಸ್ಕ್‌ಸ್ಟಾರ್ 75 ಜಿಎಕ್ಸ್‌ಪಿ ಎಂಬ ಡಿಸ್ಕು ಎಷ್ಟು ಕೆಟ್ಟಿತೆಂದರೆ ಜನ ಅದಕ್ಕೆ ಡೆತ್‌ಸ್ಟಾರ್ ಎಂದೇ ಹೆಸರಿಟ್ಟರು. ಐಬಿಎಂ ತನ್ನ ಡಿಸ್ಕ್ ವ್ಯವಹಾರವನ್ನೇ ಹಿಟಾಚಿಗೆ ಮಾರಿತು. 2003ರಿಂದ ಅದೇ ಡೆಸ್ಕ್‌ಸ್ಟಾರ್ ಹಿಟಾಚಿಯ ಹೆಸರಿನಲ್ಲಿ ಬಂತು. ಹತ್ತು ವರ್ಷದ ನಂತರ ಬ್ಯಾಕ್‌ಬ್ಲೇಜ್‌ನ ಪಟ್ಟಿಯಲ್ಲಿ ಅತಿ ಕಡಿಮೆ ಕೆಟ್ಟವು ಯಾವುವು ಗೊತ್ತೇ? ಹಿಟಾಚಿಯವು. ಅಷ್ಟರಲ್ಲಾಗಲೇ, 2012ರಲ್ಲಿ, ಹಿಟಾಚಿಯ ಆ ವಿಭಾಗವನ್ನು ವೆಸ್ಟರ್ನ್ ಡಿಜಿಟಲ್ ಕೊಂಡಿತ್ತು. ಮುಂದೆ ಆ ಹೆಸರೂ ಮಾಯವಾಯಿತು. ಮ್ಯಾಕ್ಸ್‌ಟರ್ 2006ರಲ್ಲಿ ಸೀಗೇಟ್ ಹೊಟ್ಟೆ ಸೇರಿತು, ಸ್ಯಾಮ್‌ಸಂಗ್‌ನ ಹಾರ್ಡ್ ಡಿಸ್ಕ್ ವಿಭಾಗ 2011ರಲ್ಲಿ. ಈಗ ಜಗತ್ತಿನಲ್ಲಿ ಹಾರ್ಡ್ ಡಿಸ್ಕ್ ಮಾಡುವವರು ಮೂರೇ ಜನ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ. ಡೆತ್‌ಸ್ಟಾರನ್ನು ಶಪಿಸಿದವನ ಶಾಪ ಈಗ ಯಾರಿಗೆ ತಟ್ಟಬೇಕು?

ಇಲ್ಲಿ ನನಗೆ ನೆನಪಾದದ್ದು ಅಮ್ಮನ ಅಡುಗೆಮನೆ. ಅನ್ನ ಬೆಂದಿದೆಯೇ ಎಂದು ನೋಡಲು ಅವಳು ಒಂದು ಅಗುಳನ್ನು ಹಿಚುಕುತ್ತಿದ್ದಳು. ಇಡೀ ಪಾತ್ರೆಯನ್ನು ಹಿಚುಕಿ ನೋಡಬೇಕಾಗಿಲ್ಲ. ನಮ್ಮ ಹಿಂದಿನ ಪಂಡಿತರು ಇದಕ್ಕೆ ಸ್ಥಾಲೀಪುಲಾಕ ನ್ಯಾಯ ಎಂದು ಹೆಸರಿಟ್ಟರು. ಸ್ಥಾಲಿ ಅಂದರೆ ಪಾತ್ರೆ, ಪುಲಾಕ ಅಂದರೆ ಅಗುಳು. ಒಂದನ್ನು ಕಂಡು ಎಲ್ಲವನ್ನೂ ತಿಳಿಯುವುದು. ಈ ಹೆಸರು ಕೇಳಿದವರೆಲ್ಲ ಅಗುಳನ್ನು ನೆನಪಿಟ್ಟುಕೊಳ್ಳುತ್ತಾರೆ, ಪಾತ್ರೆಯನ್ನು ಮರೆಯುತ್ತಾರೆ. ಅಗುಳು ಸಾಕ್ಷಿ ಹೇಳುವುದು ಅದೇ ಅಕ್ಕಿ, ಅದೇ ನೀರು, ಅದೇ ಉರಿ ಇದ್ದದ್ದರಿಂದ. ಪಕ್ಕದ ಒಲೆಯ ಅನ್ನದ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಸಾರಕ್ಕಿ ಮಾರ್ಕೆಟ್ಟಿನಲ್ಲಿ ಬೇಸಿಗೆಯಲ್ಲಿ ಕಲ್ಲಂಗಡಿ ರಾಶಿ ಹಾಕಿರುತ್ತಾರೆ. ಮೇಲೊಂದನ್ನು ಕುಯ್ದು ಕೆಂಪಗೆ ತೋರಿಸಲು ಇಟ್ಟಿರುತ್ತಾರೆ. ಅದನ್ನು ನೋಡಿಯೇ ಹತ್ತಿರ ಹೋಗುತ್ತೇವೆ, ಆದರೆ ಕೊಳ್ಳುವಾಗ ಯಾರೂ ಅದನ್ನು ನಂಬುವುದಿಲ್ಲ. "ನಮ್ಮದನ್ನ ಕುಯ್ದು ತೋರ್ಸಪ್ಪ" ಎನ್ನುತ್ತೇವೆ. ಒಂದು ಹಣ್ಣು ಇನ್ನೊಂದರ ಪರವಾಗಿ ಜಾಮೀನು ನಿಲ್ಲುವುದಿಲ್ಲ ಎಂದು ಮಾರ್ಕೆಟ್ಟಿನಲ್ಲಿ ನಮಗೆಲ್ಲ ಗೊತ್ತು. ಹಾರ್ಡ್ ಡಿಸ್ಕು ಎರಡರ ನಡುವಿನದು. ಒಂದೇ ಕಾರ್ಖಾನೆಯಲ್ಲಿ ಒಂದೇ ತಿಂಗಳು ಮಾಡಿದ ಒಂದೇ ಮಾಡೆಲಾದರೆ ಹೆಚ್ಚುಕಡಿಮೆ ಒಂದೇ ಪಾತ್ರೆಯ ಅನ್ನ. ಹಾಗಾಗಿಯೇ ಡೆಸ್ಕ್‌ಸ್ಟಾರನ್ನು ಬೈದವರು ಸುಳ್ಳು ಹೇಳಿರಲಿಲ್ಲ. ಆದರೆ ಕಂಪನಿಯ ಹೆಸರು ಪಾತ್ರೆಯಲ್ಲ, ಅದು ಅಂಗಡಿಯ ಬೋರ್ಡು.

ಇದನ್ನೆಲ್ಲ ನಾನು ಹಾರ್ಡ್ ಡಿಸ್ಕಿನ ಮಟ್ಟಿಗೆ ಅರ್ಥ ಮಾಡಿಕೊಂಡು ಹಾಯಾಗಿದ್ದೆ. ಮೂರನೆಯ ಡಿಸ್ಕು 2019ರಲ್ಲಿ ಕೆಟ್ಟಾಗ, ಅದರದ್ದೆಲ್ಲ ಬೇರೆ ಕಡೆ ಪ್ರತಿ ಇದ್ದುದರಿಂದ, ಯಾರನ್ನೂ ಬೈಯಲಿಲ್ಲ. ಜ್ಞಾನೋದಯವಾಯಿತು ಎಂದುಕೊಂಡಿದ್ದೆ. ಆಮೇಲೆ ಮೇಲಿನ ಮನೆ ಖಾಲಿಯಾಯಿತು.

ನಮ್ಮ ಮನೆಯ ಮೇಲೆ ಬಾಡಿಗೆಗೆ ಕೊಡುವ ಸಣ್ಣದೊಂದು ಮನೆಯಿದೆ. ಅದರಲ್ಲಿದ್ದ ಅಣ್ಣತಮ್ಮಂದಿರಿಬ್ಬರು ಒಂದು ರಾತ್ರಿ ಹೇಳದೆ ಕೇಳದೆ ಸಾಮಾನು ಸಾಗಿಸಿದರು. ಪರಿಚಯದವರು ಹೇಳಿದ್ದರೆಂದು ಎರಡೇ ತಿಂಗಳ ಅಡ್ವಾನ್ಸ್ ತೆಗೆದುಕೊಂಡಿದ್ದೆ. ಬಾಕಿ ಇದ್ದದ್ದು ಐದು ತಿಂಗಳದ್ದು, ಜೊತೆಗೆ ಕರೆಂಟ್ ಬಿಲ್ಲು. ಅವರು ಎಲ್ಲಿಯವರು ಎಂದೂ ಬರೆಯುವುದಿಲ್ಲ. ಕಂಪನಿಯ ಹೆಸರನ್ನೇ ಬರೆಯದವನು ಊರಿನ ಹೆಸರು ಬರೆಯಬಾರದು. ಆದರೆ ಆವತ್ತು ಮನೆಯಲ್ಲಿ ನಾವಿಬ್ಬರೂ ಹೆಸರು ಹಿಡಿದೇ ಹೇಳಿದೆವು: "ಇನ್ನು ಆ ಕಡೆಯವರಿಗೆ ಕೊಡೋದು ಬೇಡ."

ಎರಡು ವಾರ ಕಳೆದಿರಬೇಕು. ಟು-ಲೆಟ್ ಬೋರ್ಡು ನೋಡಿ ಒಬ್ಬ ಹುಡುಗಿ ಬಂದಳು. ಜಯನಗರದ ಒಂದು ಆಸ್ಪತ್ರೆಯಲ್ಲಿ ನರ್ಸಂತೆ. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು, ಕಣ್ಣು ಕೆಂಪಗಿತ್ತು. ತಂಗಿಯನ್ನು ಕರೆಸಿಕೊಂಡು ಓದಿಸಬೇಕು ಅಂದಳು. ಮಾತಿನ ಧಾಟಿ ಕೇಳಿ, "ಯಾವೂರಮ್ಮ?" ಎಂದೆ. ಹೇಳಿದಳು. ಅದೇ ಕಡೆ. "ಮನೆ ಕೊಟ್ಟಾಯ್ತಲ್ಲಮ್ಮ" ಅಂದೆ. ಅವಳು ಒಮ್ಮೆ ಗೇಟಿಗೆ ತೂಗುಬಿಟ್ಟಿದ್ದ ಬೋರ್ಡು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ಸರಿ ಸಾರ್" ಎಂದು ಹೊರಟುಹೋದಳು. ಅವಳಿಗೆ ಇದು ಹೊಸದಲ್ಲ ಎಂದು ಆ 'ಸರಿ ಸಾರ್' ಕೇಳಿದರೇ ಗೊತ್ತಾಗುತ್ತಿತ್ತು.

ಸುಳ್ಳು ಹೇಳಿದ್ದಕ್ಕಿಂತ ಹೆಚ್ಚು ಚುಚ್ಚಿದ್ದು, ಆ ಸುಳ್ಳನ್ನು ನನ್ನ ಬಾಯಿಗೆ ತಂದುಕೊಟ್ಟದ್ದು 'ನನ್ನ ಅನುಭವ' ಎಂಬುದು. ಇಬ್ಬರು ಹುಡುಗರು ಒಂದು ಜಿಲ್ಲೆಯ ಪರವಾಗಿ ಹೇಗೆ ಸಾಕ್ಷಿ ಹೇಳಿದರು? ಅವರೂ ಇವಳೂ ಬೆಂದದ್ದು ಒಂದೇ ಪಾತ್ರೆಯಲ್ಲೇ? ಇದಕ್ಕೆ ಪಕ್ಕದ ಮನೆಯವರು ಉತ್ತರ ಇಟ್ಟುಕೊಂಡಿದ್ದಾರೆ: "ನಿಮ್ಗೊಬ್ರಿಗೇ ಅಲ್ಲ ಸ್ವಾಮಿ, ನಮ್ಗೂ ಹಂಗೇ ಆಗಿದೆ." ಸತ್ತ ಡಿಸ್ಕುಗಳು ಒಂದೇ ಮೇಜಿಗೆ ಬಂದು ಸೇರುವ ಹಾಗೆ ಕಾಂಪೌಂಡಿನ ಈಚೆ ಆಚೆ ಕೆಟ್ಟ ಬಾಡಿಗೆದಾರರ ಕಥೆಗಳು ಬಂದು ಸೇರುತ್ತವೆ. ತಿಂಗಳ ಐದನೇ ತಾರೀಕಿಗೆ ತಪ್ಪದೆ ಬಾಡಿಗೆ ಕೊಟ್ಟು ಎಂಟು ವರ್ಷ ಇದ್ದವರ ಕಥೆಯನ್ನು ಯಾರು ಹೇಳುತ್ತಾರೆ? ಅದು ಕಥೆಯೇ ಅಲ್ಲ.

ನನಗೆ ಇನ್ನೊಂದು ಅನುಮಾನವೂ ಬಂತು. ಒಂದು ವೇಳೆ ಯಾರೋ ಬ್ಯಾಕ್‌ಬ್ಲೇಜ್‌ನವರ ಹಾಗೆ ಬೆಂಗಳೂರಿನ ಬಾಡಿಗೆದಾರರನ್ನೆಲ್ಲ ಎಣಿಸಿ, ಆ ಕಡೆಯವರಲ್ಲಿ ನೂರಕ್ಕೆ ಇಷ್ಟು ಜನ ಕೈಕೊಡುತ್ತಾರೆ ಎಂದು ಲೆಕ್ಕ ಕೊಟ್ಟರು ಎನ್ನಿ. ಆಗ ನಾನು ಮಾಡಿದ್ದು ಸರಿಯಾಗುತ್ತಿತ್ತೇ? ಡಿಸ್ಕಿನ ವಿಷಯದಲ್ಲಿ ಸರಿ. ಕೆಟ್ಟ ಮಾಡೆಲನ್ನು ಬಿಟ್ಟು ಬೇರೆಯದನ್ನು ತೆಗೆದುಕೊಂಡರೆ ಬಿಟ್ಟ ಡಿಸ್ಕಿಗೆ ನೋವಾಗುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಆ ಲೆಕ್ಕ ತೋರಿಸಿ, "ನಿಮ್ಮ ಕಡೆಯ ಸರಾಸರಿ ಹೀಗಿದೆ ನೋಡಮ್ಮ" ಎನ್ನಲು ನನಗೆ ಬಾಯಿ ಬರುತ್ತಿತ್ತೇ? ಅವಳು ಮಾಡದ ತಪ್ಪನ್ನು ಅವಳ ಲೆಕ್ಕಕ್ಕೆ ಬರೆದಂತಾಗುತ್ತದೆ. ಹಾಗೆಂದು ಐದು ತಿಂಗಳ ಬಾಡಿಗೆ ಕಳೆದುಕೊಂಡವನ ಭಯ ಸುಳ್ಳೇ? ಅದೂ ಅಲ್ಲ. ನಿವೃತ್ತಿಯಾದವನಿಗೆ ಆ ಬಾಡಿಗೆ ಔಷಧಿಯ ಖರ್ಚು. ಇಲ್ಲಿಗೆ ಬಂದು ನನ್ನ ವಾದ ಪ್ರತಿ ಸಲವೂ ಸಿಕ್ಕಿಹಾಕಿಕೊಳ್ಳುತ್ತದೆ.

ಹಾಡುಗಳ ವಿಷಯ ಹೇಳಿಬಿಡುತ್ತೇನೆ. ನಲವತ್ತಮೂರರಲ್ಲಿ ಹನ್ನೊಂದು ಉಳಿದಿವೆ. ಅಮ್ಮನ ವರ್ಷಾಂತಿಕಕ್ಕೆ ಊರಿಗೆ ಹೋದಾಗ ಅಕ್ಕನ ಅಡುಗೆಮನೆಯಿಂದ ಅವಳ ಧ್ವನಿ ಕೇಳಿ ಎದೆ ಧಸಕ್ಕೆಂದಿತ್ತು. ಅಕ್ಕನ ಹಳೆಯ ಫೋನು, ಪರದೆ ಒಡೆದದ್ದು, ಹಿಟ್ಟು ಮೆತ್ತಿದ್ದು. ಯಾವಾಗಲೋ ನಮ್ಮಲ್ಲಿಗೆ ಬಂದಿದ್ದಾಗ ಬ್ಲೂಟೂತಿನಲ್ಲಿ ಹಾಕಿಸಿಕೊಂಡಿದ್ದಳಂತೆ. "ಎಲ್ಲಾನೂ ಯಾಕೆ ಹಾಕ್ಕೊಳ್ಲಿಲ್ಲ?" ಎಂದು ಕೇಳಿದೆ, ಬೈದ ಹಾಗೆಯೇ. "ಜಾಗ ಇರ್ಲಿಲ್ಲ ಮಾರಾಯ. ದೋಸೆ ಎರೆಯುವಾಗ ಕೇಳಕ್ಕೆ ಇಷ್ಟು ಸಾಕು ಅಂತ" ಅಂದಳು. ಬೀರುವಿನಲ್ಲಿ ಜೋಪಾನವಾಗಿ ಇಟ್ಟದ್ದು ಹೋಯಿತು, ಒಲೆಯ ಪಕ್ಕ ದಿನಾ ಹಾಡಿದ್ದು ಉಳಿಯಿತು. ಹತ್ತನೆಯ ಶತಮಾನದ ಕೊನೆಗೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು ಎಂದು ಶಾಲೆಯಲ್ಲಿ ಓದಿದ್ದೆವು. ದಾನದ ಕಥೆಯಾಗಿ ಓದಿದ್ದೆವು. ಯಾವ ಗರಿಗೆ ಯಾವಾಗ ಗೆದ್ದಲು ಹಿಡಿಯುತ್ತದೋ ಯಾರಿಗೂ ಗೊತ್ತಿಲ್ಲ ಎಂದು ಬಲ್ಲವಳು ಅವಳು ಎಂದು ಈಗ ಅನ್ನಿಸುತ್ತದೆ.

ಕಳೆದ ವಾರ ಅಕ್ಕನ ಮಗನಿಗಾಗಿ ಅದೇ ಅಂಗಡಿಗೆ ಹೋದೆ. ಹುಡುಗ ಈಗ ಹುಡುಗನಲ್ಲ, ಕೂದಲು ಹಿಂದೆ ಸರಿದಿದೆ, ಅಂಗಡಿ ಅವನದೇ. ನನ್ನ ಗುರುತು ಸಿಗಲಿಲ್ಲ. ಆವತ್ತಿನ ವಿಷಯ ಎತ್ತಿ ಕ್ಷಮೆ ಕೇಳಬೇಕೆಂದು ಹೋದವನು, ಅವನಿಗೆ ನೆನಪೇ ಇಲ್ಲದ್ದನ್ನು ಎತ್ತುವುದು ಹೇಗೆ ಎಂದು ಸುಮ್ಮನಾದೆ. "ಯಾವ ಕಂಪನಿದು ಕೊಡ್ಲಿ ಸಾರ್?" ಅಂದ. "ಎರಡು ಕೊಡಪ್ಪ, ಬೇರೆ ಬೇರೆ ಕಂಪನಿದು" ಅಂದೆ. ಎಸ್‌ಎಸ್‌ಡಿ ತಗೊಳ್ಳಿ, ಅದರಲ್ಲಿ ತಿರುಗುವುದೇ ಏನಿಲ್ಲ, ಕೆಡುವುದೇ ಇಲ್ಲ ಎಂದ. ಹಳೆಯ ಚಾಳಿ ಅವನನ್ನೂ ಬಿಟ್ಟಿಲ್ಲ.

ಮೇಲಿನ ಮನೆ ಮತ್ತೆ ಖಾಲಿಯಾಗಿದೆ. ಬೋರ್ಡು ತೂಗುಹಾಕಿ ನಾಲ್ಕು ದಿನವಾಯಿತು. ನಿನ್ನೆ ಒಬ್ಬರು ಫೋನ್ ಮಾಡಿದರು. ಗಂಡ, ಹೆಂಡತಿ, ಒಂದು ಮಗು. ಮಾತಿನಲ್ಲಿ ಅದೇ ಧಾಟಿ. "ಭಾನುವಾರ ಬೆಳಿಗ್ಗೆ ಬಂದು ನೋಡಿ" ಅಂದೆ. ಪಕ್ಕದಲ್ಲಿ ಹೆಂಡತಿ ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಅಡ್ವಾನ್ಸ್ ಎಷ್ಟು ಹೇಳಲಿ ಎಂದು ಇನ್ನೂ ತೀರ್ಮಾನಿಸಿಲ್ಲ. ಹಿಂದಿನವರಿಗೆ ಹೇಳಿದ್ದು ಐದು ತಿಂಗಳದ್ದು. ಬಾಯಿಗೆ ಬರುತ್ತಿರುವುದು ಹತ್ತು.